ಹಳೆಯ ಮದುವೆ ಕ್ಯಾಸೆಟ್ಟು, ಬಳ್ಳಾರಿಯ ಒಂದು ಸ್ಟುಡಿಯೊ ಮತ್ತು ನಾಸಿರ್ ಅಹ್ಮದ್ ಅವರ ಗಣಿತ

ಬಳ್ಳಾರಿಯ ರಾಯಲ್ ವೃತ್ತದಿಂದ ಹೆಚ್ಚು ದೂರವಿಲ್ಲದ ಒಂದು ಫೋಟೊ ಸ್ಟುಡಿಯೊದಲ್ಲಿ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿಜಿಟಲ್ ಕಡತಗಳಾಗಿ ಪರಿವರ್ತಿಸಿ, ಬೇಕೆಂದವರಿಗೆ ಅದರೊಳಗಿನ ದೃಶ್ಯಗಳನ್ನು ಮುದ್ರಿಸಿಯೂ ಕೊಡುತ್ತಾರೆ. ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಕೈಬಿಟ್ಟಿದ್ದೇನೆ. ಈ ಕೆಲಸ ಮಾಡುವ ಬೇರೆ ಅಂಗಡಿಗಳಿಗೆ ಹೋಗುವವರಿಗೂ ಇಲ್ಲಿನ ಮಾತುಗಳು ಅನ್ವಯಿಸುತ್ತವೆ. ನನ್ನ ಅಭಿಪ್ರಾಯ ಇಷ್ಟು: ಕ್ಯಾಸೆಟ್ಟನ್ನು ಓದಿಸುವುದರಲ್ಲಿ ಇವರದು ಪಳಗಿದ ಕೈ, ಓದಿಸಿದ್ದನ್ನು ಕಡತವಾಗಿ ಕೊಡುವುದರಲ್ಲಿ ಮಾತ್ರ ಅಸಡ್ಡೆ.

ನಾನು ಕೊಟ್ಟದ್ದು ತೊಂಬತ್ತರ ದಶಕದಲ್ಲಿ ನಡೆದ ನಮ್ಮ ಅಕ್ಕನ ಮದುವೆಯ ಮೂರು ಗಂಟೆಯ ಕ್ಯಾಸೆಟ್ಟು. ಮಾಲೀಕರು ಅದನ್ನು ನೇರವಾಗಿ ಯಂತ್ರಕ್ಕೆ ಹಾಕಲಿಲ್ಲ. ಮುಂಭಾಗದ ಮುಚ್ಚಳವನ್ನು ಬೆರಳಿನಿಂದ ಎತ್ತಿ, ದೀಪದ ಕೆಳಗೆ ಓರೆಯಾಗಿ ಹಿಡಿದು, ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆಯೇ ಎಂದು ನೋಡಿದರು. ಬೂಷ್ಟು ಇರಲಿಲ್ಲ, ಆದರೆ ನಮ್ಮ ಊರಿನ ಕೆಂಪು ಧೂಳು ಸಾಕಷ್ಟಿತ್ತು. ಅದನ್ನು ಒರೆಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತಂದ ಮೇಲೆಯೇ ಪ್ಲೇ ಗುಂಡಿ ಒತ್ತಿದರು. “ಈ ಮಿಷನ್ ಕೆಟ್ರೆ ಸ್ಪೇರ್ ಎಲ್ಲಿಂದ ತರಾದು ಸಾರ್? ಅದಕ್ಕೇ ಮೊದ್ಲು ಕ್ಯಾಸೆಟ್ ಕ್ಲೀನ್ ಮಾಡ್ತೀವಿ” ಎಂಬ ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ಈ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಇವರ ಬಳಿ ಎರಡು ಡೆಕ್‌ಗಳಿದ್ದು, ಅವುಗಳಲ್ಲಿ ಒಂದು ಇನ್ನೊಂದಕ್ಕೆ ಬಿಡಿಭಾಗ ಒದಗಿಸುವುದಕ್ಕಾಗಿಯೇ ಇದೆ.

ಧೂಳಿನ ವಿಷಯದಲ್ಲಿ ಇಷ್ಟು ಎಚ್ಚರಿಕೆ ಏಕೆಂದರೆ, ಅರ್ಧ ಇಂಚು ಅಗಲದ ಆ ಟೇಪಿನ ಮೇಲೆ ಚಿತ್ರವು ಓರೆ ಗೆರೆಗಳಲ್ಲಿ ದಾಖಲಾಗಿರುತ್ತದೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ, ಟೇಪನ್ನು ಓದುವ ಹೆಡ್‌ಗಳನ್ನು ಹೊತ್ತ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತಾ ಒಂದೊಂದು ಗೆರೆಯಿಂದ ಅರ್ಧ ಚಿತ್ರವನ್ನು, ಅಂದರೆ ಚಿತ್ರದ ಒಂದು ಬಿಟ್ಟು ಒಂದು ಸಾಲನ್ನು, ಓದುತ್ತದೆ. ಒಂದು ಧೂಳಿನ ಕಣ ಹೆಡ್‌ಗೆ ಅಂಟಿದರೂ ಪರದೆಯ ತುಂಬ ಬಿಳಿ ಗೆರೆಗಳು ಓಡಾಡುತ್ತವೆ. ನನ್ನ ಕ್ಯಾಸೆಟ್ಟಿನಲ್ಲಿ ಅಂಥ ಗೆರೆಗಳು ಬಂದದ್ದು ಆರಂಭದ ಕೆಲವು ನಿಮಿಷಗಳಲ್ಲಿ ಮಾತ್ರ, ಅದೂ ಟೇಪೇ ಸುಕ್ಕುಗಟ್ಟಿದ್ದ ಜಾಗದಲ್ಲಿ. ಇಷ್ಟರ ಮಟ್ಟಿಗೆ ಕೆಲಸ ಅಚ್ಚುಕಟ್ಟು.

ಅಸಮಾಧಾನ ಆರಂಭವಾದದ್ದು ಕಡತ ಕೈಗೆ ಬಂದ ಮೇಲೆ. ಮೂರು ಗಂಟೆಯ ಮದುವೆಯನ್ನು ಸುಮಾರು 1 ಜಿಬಿಗೆ ಇಳಿಸಿದ್ದರು. ಸುಮ್ಮನೆ ಕುಳಿತ ಹಿರಿಯರ ಮುಖಗಳು ತಕ್ಕಮಟ್ಟಿಗೆ ಕಾಣುತ್ತಿದ್ದವು. ಅಕ್ಷತೆ ಬೀಳುವಾಗ, ಹೋಮದ ಹೊಗೆ ಏಳುವಾಗ, ಜರಿಯಂಚಿನ ಸೀರೆಗಳು ಸರಿದಾಡುವಾಗ ಮಾತ್ರ ಚಿತ್ರವು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಕಲಸಿಹೋಗುತ್ತಿತ್ತು. ಇದು ಕ್ಯಾಸೆಟ್ಟಿನ ದೋಷವೆಂದು ಅಂಗಡಿಯ ಹುಡುಗ ಸಮಜಾಯಿಷಿ ಕೊಟ್ಟ. ವಿಎಚ್‌ಎಸ್ ಚಿತ್ರ ಮಸುಕಾಗಬಹುದು, ನಡುಗಬಹುದು, ಬಣ್ಣ ಪಕ್ಕಕ್ಕೆ ಸೋರಬಹುದು, ಆದರೆ ಚೌಕಗಳಾಗಿ ಒಡೆಯುವುದಿಲ್ಲ.

ಆ ಚೌಕಗಳ ಹಿಂದೆ ಕನ್ನಡ ನಾಡಿನಲ್ಲೇ ಹುಟ್ಟಿದ ಎಂಜಿನಿಯರ್ ಒಬ್ಬರ ಶೋಧವಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಯುವಿಸಿಇಯಲ್ಲಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಚಿತ್ರದ ಮಾಹಿತಿಯನ್ನು ಕೊಸೈನ್ ತರಂಗಗಳ ಮೊತ್ತವಾಗಿ ಬರೆದು ಕುಗ್ಗಿಸುವ ದಾರಿಯನ್ನು ಯೋಚಿಸಿದರು. 1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದಾಗ, ವಿಚಾರ ತೀರಾ ಸರಳವಾಯಿತು ಎಂಬ ಆಕ್ಷೇಪ ಬಂದು ಹಣ ಸಿಗಲಿಲ್ಲವೆಂದು ಅವರೇ ಮುಂದೆ ಬರೆದಿದ್ದಾರೆ. ಪಟ್ಟು ಬಿಡದೆ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪದಲ್ಲಿ ಡಿಸಿಟಿ ಎಂಬ ಆ ಸರಳ ಗಣಿತವೇ ಫೋಟೊ ಕಡತಗಳನ್ನು ಕುಗ್ಗಿಸುವ 1992ರ ಜೆಪೆಗ್ ಮಾನಕದ ತಿರುಳಾಯಿತು. ಇಂದಿನ ಎಂಪಿ4 ಕಡತಗಳಲ್ಲಿ ಸಾಮಾನ್ಯವಾಗಿರುವ ಎಚ್.264 ಎಂಬ ವಿಡಿಯೊ ಮಾನಕ ಕೂಡ ಅದನ್ನೇ ಪೂರ್ಣಾಂಕಗಳಿಗೆ ಹೊಂದಿಸಿಕೊಂಡು ಬಳಸುತ್ತದೆ.

ಜೆಪೆಗ್‌ನಲ್ಲಿ ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕದ 64 ಬೆಳಕಿನ ಬೆಲೆಗಳನ್ನು 64 ತರಂಗಗಳ ಪ್ರಮಾಣಗಳಾಗಿ ಬದಲಿಸುತ್ತಾರೆ. ಗೋಡೆ, ಆಕಾಶ, ಕೆನ್ನೆ ಇಂಥ ನಯವಾದ ಭಾಗಗಳಲ್ಲಿ ಮೊದಲ ಕೆಲವು ಪ್ರಮಾಣಗಳನ್ನು ಉಳಿಸಿಕೊಂಡರೂ ಕಣ್ಣಿಗೆ ಕೊರತೆ ತಿಳಿಯದು. ಡಿಸಿಟಿ ತಾನಾಗಿ ಏನನ್ನೂ ಕಳೆಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಯಾವುದನ್ನು ಎಸೆಯಬಹುದು ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ, ಎಷ್ಟು ಎಸೆಯಬೇಕೆಂದು ತೀರ್ಮಾನಿಸುವವನು ಸಾಫ್ಟ್‌ವೇರ್ ಮುಂದೆ ಕುಳಿತವನು. ಅಕ್ಷತೆ, ಜರಿ, ಜೊತೆಗೆ ಹಳೆಯ ಟೇಪಿನ ಚಿತ್ರದಲ್ಲಿ ಸ್ವಾಭಾವಿಕವಾಗಿ ಇರುವ ಚುಕ್ಕೆಗಳ ಗದ್ದಲ, ಇವೆಲ್ಲಕ್ಕೂ ಸೂಕ್ಷ್ಮ ತರಂಗಗಳು ಬೇಕಾಗುತ್ತವೆ. ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಮೀಸಲಿಡುವ ಮಾಹಿತಿಯ ಪ್ರಮಾಣವನ್ನು, ಕತ್ತು ಹಿಸುಕುವಷ್ಟು ಇಳಿಸಿದರೆ ಅವೇ ಮೊದಲು ಹೋಗಿ, ಚೌಕಗಳ ಅಂಚು ಎದ್ದು ಕಾಣುತ್ತದೆ.

ಇನ್ನೊಂದು ಲೋಪ, ಧಾರೆ ಎರೆಯುವ ದೃಶ್ಯದಲ್ಲಿ ಅಪ್ಪನ ಕೈ ಚಲಿಸಿದಾಗಲೆಲ್ಲ ಅದರ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತಿದ್ದುದು. ಸೆಕೆಂಡಿಗೆ 50ರಂತೆ ಬರುವ ಅರ್ಧ ಚಿತ್ರಗಳನ್ನು ಸುಮ್ಮನೆ ಎರಡೆರಡಾಗಿ ಹೆಣೆದು 25 ಪೂರ್ಣ ಚಿತ್ರ ಮಾಡಿದಾಗ ಹೀಗಾಗುತ್ತದೆ. ಪ್ರತಿ ಅರ್ಧ ಚಿತ್ರವನ್ನೂ ಬೇರೆಯಾಗಿ ಪೂರ್ಣಗೊಳಿಸಿ, ಸೆಕೆಂಡಿಗೆ 50 ಚಿತ್ರಗಳಿರುವ ಕಡತ ಮಾಡಿಕೊಡಿ ಎಂದು ಕೇಳಿದೆ. ಮಾಲೀಕರು ಗೊಣಗದೆ ಒಪ್ಪಿದರು, ಹೆಚ್ಚು ಹಣವನ್ನೂ ಕೇಳಲಿಲ್ಲ. ಮರಳಿ ಬಂದ ಕಡತ ನಾಲ್ಕು ಪಟ್ಟಿಗೂ ಹೆಚ್ಚು ದೊಡ್ಡದಾಗಿತ್ತು, ಅಕ್ಷತೆಯ ಕಾಳುಗಳು ಕಾಳುಗಳಾಗಿಯೇ ಬಿದ್ದವು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದರೆ, ಬಹುತೇಕ ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲೇ ಕಳುಹಿಸಿ ಎನ್ನುತ್ತಾರೆ, ಅದಕ್ಕೇ ಚಿಕ್ಕದು ಮಾಡುವುದು ರೂಢಿಯಾಗಿದೆ ಎಂದರು. ಪೆನ್‌ಡ್ರೈವ್ ಒಯ್ದು ಕೊಡುವುದು ಲೇಸು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತರಿಸಿಕೊಳ್ಳುವುದೇ ಆದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಬೇಕು.

ಮುದ್ರಣದ ಬಗ್ಗೆ ಮಿಶ್ರ ಅಭಿಪ್ರಾಯವಿದೆ. ಇವರಲ್ಲಿರುವುದು ಡೈ ಸಬ್ಲಿಮೇಷನ್ ಪ್ರಿಂಟರ್. ಶಾಯಿಯ ಹನಿಗಳನ್ನು ಸಿಂಪಡಿಸುವ ಬದಲು, ಹಳದಿ, ಮೆಜೆಂಟಾ, ಸಯಾನ್ ರಿಬ್ಬನ್‌ಗಳ ಬಣ್ಣವನ್ನು ಒಂದಾದ ಮೇಲೊಂದರಂತೆ ಶಾಖದಿಂದ ಕಾಗದಕ್ಕೆ ಇಳಿಸಿ, ಕೊನೆಗೆ ಪಾರದರ್ಶಕ ಪದರವೊಂದನ್ನು ಹೊದಿಸುವ ಯಂತ್ರವದು. ಪ್ರತಿ ಬಿಂದುವಿನಲ್ಲಿ ಇಳಿಯುವ ಬಣ್ಣದ ಪ್ರಮಾಣವನ್ನೇ ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ ಮುಖದ ನೆರಳುಗಳು ನಯವಾಗಿ ಬರುತ್ತವೆ. ನಾಲ್ಕು–ಆರು ಇಂಚಿನ ಪ್ರತಿಗಳು ಚೆನ್ನಾಗಿವೆ, ಒಂದರಲ್ಲಿ ಮಾತ್ರ ಧೂಳಿನಿಂದಾದ ಬಿಳಿ ಚುಕ್ಕೆಯಿತ್ತು, ಕೇಳಿದಾಗ ಬದಲಿಸಿಕೊಟ್ಟರು.

ಆದರೆ ವಿಎಚ್‌ಎಸ್ ದೃಶ್ಯವೊಂದನ್ನು ಹನ್ನೆರಡು–ಹದಿನೆಂಟು ಇಂಚಿಗೆ ಹಿಗ್ಗಿಸಿಕೊಡುತ್ತೇವೆ ಎಂಬ ಅವರ ಆಹ್ವಾನವನ್ನು ಒಪ್ಪಬೇಡಿ. ಕಡತ 720ಕ್ಕೆ 576 ಬಿಂದುಗಳಿದ್ದರೂ ವಿಎಚ್‌ಎಸ್ ಅಡ್ಡಲಾಗಿ ಹಿಡಿದಿಡುವ ವಿವರ ಸುಮಾರು 240 ಗೆರೆಗಳಷ್ಟೇ. ಉಳಿದದ್ದನ್ನು ಎಐ ತಂತ್ರಾಂಶ ಊಹಿಸಿ ತುಂಬುತ್ತದೆ. ಅವರು ಮಾದರಿಗೆಂದು ತೋರಿಸಿದ ಚಿತ್ರದಲ್ಲಿ ನಮ್ಮ ಅಜ್ಜಿಯ ಹಣೆಯ ಸುಕ್ಕುಗಳೆಲ್ಲ ಮಾಯವಾಗಿದ್ದವು, ಮೂಗುತಿ ಚರ್ಮದಲ್ಲಿ ಕರಗಿಹೋಗಿತ್ತು. ಅಂದವಾದ ಮುಖ, ಆದರೆ ಯಾರದೋ ಮುಖ.

ಒಂದು ಕ್ಯಾಸೆಟ್ಟಿಗೆ 450 ರೂಪಾಯಿ ಪಡೆದರು. ಮೂರು ಗಂಟೆಯ ಟೇಪು ಓದಲು ಯಂತ್ರಕ್ಕೆ ಮೂರು ಗಂಟೆಯೇ ಬೇಕೆಂಬುದನ್ನು ನೆನೆದರೆ ಇದು ದುಬಾರಿಯಲ್ಲ. ಮಿನಿ ಡಿವಿ ಕ್ಯಾಸೆಟ್ಟುಗಳನ್ನು ಮಾತ್ರ ನಾನು ಇವರಿಗೆ ಕೊಟ್ಟಿಲ್ಲ. ಅವುಗಳಲ್ಲಿ ಚಿತ್ರವು ಡಿಸಿಟಿಯ ಮೂಲಕವೇ ಕುಗ್ಗಿ ಅಂಕಿಗಳಾಗಿ ದಾಖಲಾಗಿರುವುದರಿಂದ, ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ ಮೂಲಕ ಇದ್ದದ್ದನ್ನು ಇದ್ದಂತೆಯೇ ನಕಲಿಸಿಕೊಳ್ಳಬೇಕು. ಇವರಲ್ಲಿ ಆ ಕೇಬಲ್ ಇಲ್ಲ, ಟಿವಿಗೆ ಜೋಡಿಸುವ ಹಳದಿ ತಂತಿಯಿಂದಲೇ ತೆಗೆಯುತ್ತಾರೆ.