ಮುಚ್ಚಳ ಹಾಕಿದ 'ಸೆರಾಮಿಕ್' ಬೇರಿಂಗ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಮೀನಿಗೆ ಗಾಳ ಹಾಕಲು ಬೇಟ್‌ಕಾಸ್ಟರ್ ರೀಲ್ (ಎಸೆದಾಗ ದಾರದ ಉರುಳೆಯೇ ತಿರುಗುವ ರೀಲ್) ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಬೇರಿಂಗ್ ಬದಲಾಯಿಸಿದರೆ ಎಸೆತ ದುಪ್ಪಟ್ಟು ದೂರ ಹೋಗುತ್ತೆ ಅಂತ ಆಸೆ ಹುಟ್ಟಿಸಿ ಮಾರುವವರು ಈಗ ಜಾಸ್ತಿಯಾಗಿದ್ದಾರೆ. ಅಂಥ ಒಬ್ಬನಿಗೆ ನಾನು 2,600 ರೂಪಾಯಿ ಕೊಟ್ಟೆ. ಎರಡೇ ಎರಡು ಬೇರಿಂಗ್‌ಗೆ. ಹೈಬ್ರಿಡ್ ಸೆರಾಮಿಕ್ ಅಂತ ಹೇಳಿದ, ಅಂದರೆ ರಿಂಗ್ ಉಕ್ಕಿನದು, ಒಳಗಿನ ಗುಂಡು ಸೆರಾಮಿಕ್. ಬಂದದ್ದು ಸೆರಾಮಿಕ್ ಅಲ್ಲ. ಅಲ್ಲ ಅಂತ ಸಾಕ್ಷಿ ಸಮೇತ ತೋರಿಸಿದ ಮೇಲೆ ಅವನು ಕೊಟ್ಟ ಉತ್ತರ ಇದೆಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಹೋದದ್ದಕ್ಕಿಂತ ಆ ಮಾತು ಜಾಸ್ತಿ ಉರಿಸಿದೆ.

ನಾನು ಗಾಳ ಹಾಕುವುದು ಕೋಡಿ ಬೆಂಗ್ರೆ ಕಡೆ. ಸೀತಾ, ಸುವರ್ಣಾ ಎರಡೂ ಹೊಳೆ ಸಮುದ್ರ ಸೇರುವ ಅಳಿವೆ ಅದು. ಕೆಂಬೇರಿ ಮೀನು ಕಲ್ಲಿನ ಸಂದಿಯಲ್ಲಿ ಕೂತಿರುತ್ತೆ. ಏಳೆಂಟು ಗ್ರಾಮಿನ ಸಣ್ಣ ಲ್ಯೂರನ್ನು (ನಕಲಿ ಮೀನಿನಂಥ ಗಾಳ) ಸರಿಯಾಗಿ ಆ ಸಂದಿಗೇ ಎಸೆಯಬೇಕು. ಬೇಟ್‌ಕಾಸ್ಟರ್‌ನಲ್ಲಿ ಲ್ಯೂರ್ ಹಾರುವಾಗ ಸ್ಪೂಲನ್ನು, ಅಂದರೆ ದಾರದ ಉರುಳೆಯನ್ನು, ತಾನೇ ತಿರುಗಿಸಿಕೊಂಡು ಹೋಗಬೇಕು ಅಲ್ವಾ. ಲ್ಯೂರ್ ಹಗುರ ಇದ್ದಷ್ಟೂ ಸ್ಪೂಲ್ ಸಲೀಸಾಗಿ ತಿರುಗಬೇಕು. ಹಾಗಾಗಿ ಸ್ಪೂಲ್ ಬೇರಿಂಗ್ ಬದಲಾಯಿಸುವ ಯೋಚನೆ ಮಾಡಿದೆ. ಇದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಬೇರಿಂಗ್ ಹಾಕಿದರೆ ಹಗುರ ಲ್ಯೂರ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ರೀಲಿನ ಡಬ್ಬಿ ಮೇಲೆ ಹತ್ತು ಬೇರಿಂಗ್ ಅಂತ ಬರೆದಿದ್ದರೂ ಎಸೆತಕ್ಕೆ ಮುಖ್ಯ ಆಗುವುದು ಸ್ಪೂಲನ್ನು ಎರಡು ಬದಿಯಲ್ಲಿ ಹಿಡಿದಿರುವವು ಮಾತ್ರ. ಕೆಲವು ರೀಲಿನಲ್ಲಿ ಪಿನಿಯನ್ (ಸಣ್ಣ ಹಲ್ಲುಚಕ್ರ) ಹತ್ತಿರ ಇನ್ನೊಂದು ಲೆಕ್ಕಕ್ಕೆ ಬರುತ್ತೆ. ಹ್ಯಾಂಡಲ್ ಗುಬುಟಿಯಲ್ಲಿರುವವು ಸುತ್ತುವಾಗ ಕೈಗೆ ಹಿತ, ಅಷ್ಟೇ. ಇದೆಲ್ಲ ತಿಳಿದುಕೊಂಡೇ ಹೋದೆ. ವರ್ನಿಯರ್ ಹಿಡಿದು ಅಳೆದೆ. ನನ್ನ ರೀಲಿನಲ್ಲಿ ಸೈಡ್ ಪ್ಲೇಟ್ ಕಡೆ 3×10×4 ಮಿಲಿಮೀಟರ್, ಇನ್ನೊಂದು ಕಡೆ 5×11×4. ಮೊದಲನೆಯದು ಒಳ ತೂತು, ಎರಡನೆಯದು ಹೊರ ಅಗಲ, ಮೂರನೆಯದು ದಪ್ಪ. ಅಬು ಗಾರ್ಸಿಯಾ ಕಂಪನಿಯ ಹಳೆಯ ಉರುಟು ರೀಲ್ 5500ಸಿ, 6500ಸಿಯಲ್ಲಿ ಎರಡೂ ಕಡೆ 3×10×4 ಬರುತ್ತೆ. ನನ್ನದು ಹಾಗಲ್ಲ. ಅದಕ್ಕೇ ಅಳತೆ ಬರೆದು, ಫೋಟೋ ಹಾಕಿ, ಎರಡೆರಡು ಸಲ ಕೇಳಿದೆ.

ಫೋಟೋದಲ್ಲಿ ಅವನು ತೋರಿಸಿದ್ದು ತೆರೆದ ಬೇರಿಂಗ್. ಒಳಗೆ ಕಪ್ಪು ಗುಂಡುಗಳು ಕಾಣುತ್ತಿದ್ದವು. ಅದು ಸಿಲಿಕಾನ್ ನೈಟ್ರೈಡ್ ಅನ್ನುವ ಸೆರಾಮಿಕ್‌ನ ಬಣ್ಣ. ನೋಡಿದ ಕೂಡಲೇ ಅಸಲಿ ಅನ್ನಿಸುತ್ತೆ. ಜೊತೆಗೆ ಒಂದು ವಿಡಿಯೋ. ಖಾಲಿ ಸ್ಪೂಲ್, ದಾರ ಇಲ್ಲ, ಬೆರಳಿಂದ ಒಂದು ತಟ್ಟು, ನಿಲ್ಲದೆ ತಿರುಗುತ್ತಲೇ ಇದೆ.

ನಾನು ಕೇಳಿದೆ, "ಗುಂಡು ಯಾವುದರದ್ದು?"
"ಸಿಲಿಕಾನ್ ನೈಟ್ರೈಡ್ ಅಣ್ಣ. ಪ್ಯೂರ್."
"ರಿಂಗ್?"
"440ಸಿ ಸ್ಟೇನ್‌ಲೆಸ್ ಅಣ್ಣ. ಎಬಿಇಸಿ 9."
"ಉಪ್ಪುನೀರಿಗೆ ಆಗುತ್ತಾ?"
"ಕಣ್ಣು ಮುಚ್ಚಿ ಹಾಕಿ ಅಣ್ಣ. ನಾನು ಗ್ಯಾರಂಟಿ."

ಎಬಿಇಸಿ ಅಂದರೆ ಬೇರಿಂಗಿನ ಒಂದು ದರ್ಜೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಈ ಮಾತೆಲ್ಲ ನನ್ನ ಫೋನಿನಲ್ಲಿ ಈಗಲೂ ಹಾಗೇ ಇದೆ. ಯುಪಿಐನಲ್ಲಿ ಪೂರ್ತಿ ಹಣ ಮೊದಲೇ ಹಾಕಬೇಕು ಅಂದ. ಹಾಕಿದೆ.

ಪಾರ್ಸೆಲ್ ಬಂತು. ಬೇರಿಂಗ್ ಎರಡಕ್ಕೂ ಎರಡೂ ಬದಿ ತಗಡಿನ ಮುಚ್ಚಳ. ಗುಂಡು ಕಾಣುವುದೇ ಇಲ್ಲ. ಫೋಟೋದಲ್ಲಿ ತೆರೆದದ್ದು ಇತ್ತಲ್ಲ ಅಂತ ಕೂಡಲೇ ಕೇಳಿದೆ. "ಮರಳು, ಉಪ್ಪು ಹೋಗಬಾರದು ಅಂತ ನಿಮಗೋಸ್ಕರ ಶೀಲ್ಡ್ ಇರೋದು ಕಳ್ಸಿದೀನಿ ಬ್ರೋ" ಅಂದ. ದುಡ್ಡು ಹಾಕುವವರೆಗೆ ಅಣ್ಣ, ಹಾಕಿದ ಮೇಲೆ ಬ್ರೋ. ಮಾತು ಸರಿ ಅನ್ನಿಸುವಂತೆಯೇ ಇತ್ತು. ಅಳಿವೆ ಹತ್ತಿರ ಮರಳು ಹಾರುವುದು ನಿಜ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸ್ಟಿಕ್ಕರ್ ಇತ್ತು: ಶೀಲ್ಡ್ ತೆಗೆದರೆ ವಾಪಸ್ ಇಲ್ಲ. ಹಣ ಕೇಳುವಾಗ ಈ ಷರತ್ತಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಒಂದೇ ಒಂದು ಮಾತೂ ಇಲ್ಲ. ಇಡೀ ಮೋಸ ನಿಂತಿರುವುದು ಆ ಸ್ಟಿಕ್ಕರ್ ಮೇಲೆ.

ಸ್ಪೂಲಿನ ಅಡ್ಡ ಪಿನ್ ತೆಗೆಯುವ ಉಪಕರಣ ಗೆಳೆಯನ ಹತ್ತಿರ ಇತ್ತು. ಹಳೆಯದನ್ನು ಹುಷಾರಾಗಿ ತೆಗೆದು ಹೊಸದು ಹಾಕಿದೆವು. ಬೆರಳಿಂದ ತಟ್ಟಿದರೆ ಸ್ಪೂಲ್ ಗಿರಗಿರ ತಿರುಗಿತು. ವಿಡಿಯೋದಲ್ಲಿ ಇದ್ದ ಹಾಗೇ. ಖುಷಿ ಆಯಿತು. ಎಲ್ಲರೂ ಯಾಮಾರುವುದು ಇಲ್ಲೇ. ಎಣ್ಣೆ, ಗ್ರೀಸ್ ಒಂದು ಹನಿಯೂ ಇಲ್ಲದ ಬೇರಿಂಗ್ ಯಾವುದಾದರೂ ಸರಿ, ಬೆರಳಿಂದ ತಿರುಗಿಸಿದರೆ ತುಂಬಾ ಹೊತ್ತು ತಿರುಗುತ್ತೆ. ಐವತ್ತು ರೂಪಾಯಿಯ ಬೇರಿಂಗೂ ತಿರುಗುತ್ತೆ. ಕಂಪನಿಯಿಂದ ಬರುವ ರೀಲಿನಲ್ಲಿ ಎಣ್ಣೆಯೋ ಗ್ರೀಸೋ ಇರುತ್ತೆ, ಹಾಗಾಗಿ ಪಕ್ಕದಲ್ಲಿಟ್ಟು ನೋಡಿದರೆ ಹಳೆಯದು ನಿಧಾನ ಅನ್ನಿಸುತ್ತೆ. ಅಸಲಿ ಸೆರಾಮಿಕ್ ಗುಂಡು ಆದರೆ ಒಂದು ಹನಿ ತೆಳು ಎಣ್ಣೆಯಲ್ಲೂ ತಡೆದುಕೊಳ್ಳುತ್ತೆ. ಉಕ್ಕಿನ ಮೇಲೆ ಉಕ್ಕು ಒಣಗಿದ ಹಾಗೇ ಓಡಿದರೆ ತಿಂದುಹೋಗುತ್ತೆ. ಅವನು ನನಗೆ ಕಳಿಸಿದ್ದು ಒಣ ಉಕ್ಕು. ಎಣ್ಣೆ ಹಾಕಬೇಡಿ, ಸ್ಪೀಡ್ ಕಮ್ಮಿ ಆಗುತ್ತೆ ಅಂತ ಬೇರೆ ಹೇಳಿದ್ದ!

ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಎಸೆಯುವಾಗ ಸುಯ್ ಅಂತ ಸದ್ದು ಶುರುವಾಯಿತು. ಕೇಳಿದ್ದಕ್ಕೆ "ಸೆರಾಮಿಕ್ ಅಂದ್ರೆ ಸೌಂಡ್ ಬಂದೇ ಬರುತ್ತೆ ಬ್ರೋ, ಅದೇ ಒರಿಜಿನಲ್ ಅನ್ನೋಕೆ ಪ್ರೂಫ್" ಅಂದ. ನೋಡಿ, ಇವನ ಎಲ್ಲ ಉತ್ತರವೂ ಹೀಗೇ. ಅರ್ಧ ನಿಜ. ಸೆರಾಮಿಕ್ ಬೇರಿಂಗ್ ಸ್ವಲ್ಪ ಸದ್ದು ಮಾಡುವುದು ನಿಜವೇ. ಒಣಗಿದ ಉಕ್ಕಿನ ಬೇರಿಂಗೂ ಸದ್ದು ಮಾಡುತ್ತೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಸದ್ದು ಹೋಗಿ ಕರಕರ ಆಯಿತು. ಎಸೆತದ ಮಧ್ಯದಲ್ಲಿ ಸ್ಪೂಲ್ ತಡೆದು ಬಿಟ್ಟು, ತಡೆದು ಬಿಟ್ಟು ಓಡತೊಡಗಿತು. ಸ್ಪೂಲಿನ ಬ್ರೇಕ್ ಎಲ್ಲಿ ಇಟ್ಟರೂ ಬ್ರೇಡ್ (ಹೆಣೆದ) ದಾರ ಗೋಜಲು. ಹೊಸ ದಾರ, ಅರ್ಧಕ್ಕರ್ಧ ಕತ್ತರಿಸಿ ಬಿಸಾಡಬೇಕಾಯಿತು. ಜೊತೆಗಿದ್ದವರೆಲ್ಲ ಎಸೆಯುತ್ತಿದ್ದಾರೆ, ನಾನು ಕಲ್ಲಿನ ಮೇಲೆ ಕೂತು ಗೋಜಲು ಬಿಡಿಸುತ್ತಿದ್ದೇನೆ. ಒಬ್ಬರು ಬಂದು, ಬೇಟ್‌ಕಾಸ್ಟರ್ ಕಷ್ಟ, ಸ್ಪಿನ್ನಿಂಗ್ ರೀಲೇ ತಗೊಳ್ಳಿ ಅಂತ ಬುದ್ಧಿ ಹೇಳಿ ಹೋದರು. ವರ್ಷಗಳಿಂದ ಬೇಟ್‌ಕಾಸ್ಟರ್ ಹಿಡಿದವನಿಗೆ ಆ ಮಾತು ಹೇಗಾಗಬೇಡ.

ಮನೆಗೆ ಬಂದು ಬಿಚ್ಚಿದೆ. ಮುಚ್ಚಳ ಹಿಡಿದಿಟ್ಟಿರುವ ತೆಳು ತಂತಿ ಕ್ಲಿಪ್ ಇರುತ್ತಲ್ಲ, ಅದರ ತುದಿಯನ್ನು ಹೊಲಿಗೆ ಸೂಜಿಯಿಂದ ಎಬ್ಬಿಸಿದೆ. ಕ್ಲಿಪ್ ಬಂತು. ಬೇರಿಂಗ್ ಕವುಚಿ ತಟ್ಟಿದಾಗ ಮುಚ್ಚಳ ಬಿಳಿ ಕಾಗದದ ಮೇಲೆ ಬಿತ್ತು. ಅದರ ಜೊತೆ ಕಂದು ಪುಡಿಯೂ ಬಿತ್ತು. ತುಕ್ಕು. ಒಳಗೆ ನೋಡಿದರೆ ಕಪ್ಪು ಗುಂಡು ಇಲ್ಲ. ಹೊಳೆಯುವ ಬೆಳ್ಳಿ ಬಣ್ಣದ ಗುಂಡು, ಅಲ್ಲಲ್ಲಿ ತುಕ್ಕಿನ ಕಲೆ. ಆದರೂ ಖಾತ್ರಿ ಮಾಡಿಕೊಳ್ಳೋಣ ಅಂತ ಗುಂಡು ಹಿಡಿದಿಡುವ ತಗಡಿನ ಕೇಜ್ ತೆಗೆದೆ, ಗುಂಡುಗಳನ್ನೆಲ್ಲ ಒಂದು ಬದಿಗೆ ಸರಿಸಿ ಒಳ ರಿಂಗ್ ಒತ್ತಿದೆ. ಕಳಚಿಕೊಂಡಿತು. ಸಾಸಿವೆ ಕಾಳಿನಷ್ಟು ಗುಂಡುಗಳು ಕಾಗದದ ಮೇಲೆ ಉರುಳಿದವು. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹತ್ತಿರ ತಂದೆ. ಅಷ್ಟೂ ಎದ್ದು ಬಂದು ಟಕ್ ಟಕ್ ಅಂತ ಅಂಟಿಕೊಂಡವು.

ಸಿಲಿಕಾನ್ ನೈಟ್ರೈಡ್ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಅರ್ಧದಷ್ಟೂ ತೂಕ ಇರುವುದಿಲ್ಲ. ಜಿರ್ಕೋನಿಯಾ ಅನ್ನುವ ಇನ್ನೊಂದು ಸೆರಾಮಿಕ್ ಆಗಿದ್ದರೂ ಬಿಳಿ ಇರುತ್ತೆ, ಅದೂ ಅಂಟುವುದಿಲ್ಲ. ಇಡೀ ಬೇರಿಂಗ್ ಮ್ಯಾಗ್ನೆಟ್‌ಗೆ ಅಂಟಿದರೆ ಏನೂ ಸಾಬೀತಾಗುವುದಿಲ್ಲ, ಯಾಕೆಂದರೆ ಹೈಬ್ರಿಡ್‌ನಲ್ಲಿ ರಿಂಗ್ ಉಕ್ಕಿನದೇ, 440ಸಿ ಕೂಡ ಅಂಟುತ್ತೆ. ಬರೀ ಗುಂಡು ಅಂಟಿದರೆ ಮುಗಿಯಿತು. ಮೋಸ.

ಆ ಹೊತ್ತಿನಲ್ಲಿ ಹೇಗಾಯಿತು ಅಂತ ಹೇಳಲು ಬರುವುದಿಲ್ಲ. ಮೇಜಿನ ಮೇಲೆ ತುಕ್ಕು, ಮ್ಯಾಗ್ನೆಟ್‌ಗೆ ಅಂಟಿದ ಗುಂಡು, ಫೋನಿನಲ್ಲಿ 'ಪ್ಯೂರ್' ಅನ್ನುವ ಮೆಸೇಜ್. ಕಿವಿ ಬಿಸಿಯಾಯಿತು.

ವಿಡಿಯೋ ಕಳಿಸಿದೆ. ಬಂದ ಉತ್ತರ: "ಶೀಲ್ಡ್ ಓಪನ್ ಮಾಡಿದೀರಲ್ಲ ಸರ್, ವಾರಂಟಿ ಹೋಯ್ತು."

ಬಿಚ್ಚದೆ ಸೆರಾಮಿಕ್ ಹೌದೋ ಅಲ್ಲವೋ ಅಂತ ಯಾರಿಗಾದರೂ ಗೊತ್ತಾಗುತ್ತಾ? ಇದನ್ನೇ ಕೇಳಿದೆ. "ನಂಬಿಕೆ ಇಲ್ದೆ ಯಾಕೆ ತಗೊಂಡ್ರಿ ಸರ್?" ಅಂದ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಂಬಿಕೆ ಇಲ್ಲದೆ ಯಾಕೆ ತಗೊಂಡ್ರಿ! ನಂಬಿದ್ದಕ್ಕೇ ಅಲ್ವಾ ಹಣ ಮೊದಲೇ ಹಾಕಿದ್ದು?

ತುಕ್ಕಿನ ಫೋಟೋ ಕಳಿಸಿದೆ. "ಉಪ್ಪುನೀರಿಗೆ ಹಾಕಿದ್ರೆ ಯಾವುದಾದ್ರೂ ತುಕ್ಕು ಹಿಡಿಯುತ್ತೆ ಸರ್." ಕಣ್ಣು ಮುಚ್ಚಿ ಹಾಕಿ ಅಂದ ಹಳೆಯ ಮೆಸೇಜ್ ಅವನಿಗೇ ವಾಪಸ್ ಕಳಿಸಿದೆ. ನೋಡಿದ, ಉತ್ತರ ಇಲ್ಲ. ಮಾರನೇ ದಿನ, "ನೀವೇ ಗುಂಡು ಬದ್ಲಾಯಿಸಿ ವಿಡಿಯೋ ಮಾಡಿರಬಹುದು." ನಾನು! ಎರಡೂವರೆ ಸಾವಿರದ ವ್ಯವಹಾರಕ್ಕೆ ನಾನು ಕಳ್ಳ ಅಂತೆ.

ಉಳಿದಿದ್ದ ಇನ್ನೊಂದು ಬೇರಿಂಗನ್ನು ಉಡುಪಿಯ ಒಂದು ಬೇರಿಂಗ್ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದ ಹಿರಿಯರು ಬೆರಳ ತುದಿಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರು, ಅಲ್ಲಾಡಿಸಿದರು. "ಆಟ ಉಂಟಲ್ಲ ಇದ್ರಲ್ಲಿ" ಅಂದರು, ಅಂದರೆ ಸಡಿಲ ಇದೆ ಅಂತ. ಹಿಂದಿನ ಡ್ರಾಯರಿನಿಂದ ಎರಡು ಪೊಟ್ಟಣ ತೆಗೆದು ಮುಂದಿಟ್ಟರು. 623ಝಡ್‌ಝಡ್, ಎಂಆರ್115ಝಡ್‌ಝಡ್. ಸಾಮಾನ್ಯ ಮೆಷಿನ್ ಬೇರಿಂಗ್. ಅಳತೆ ಅದೇ. ಮುಚ್ಚಳ ಅದೇ. ಎರಡೂ ಸೇರಿ ಇನ್ನೂರು ರೂಪಾಯಿ ಒಳಗೆ. "ನೀವು ಎಷ್ಟು ಕೊಟ್ರಿ ಮಾರಾಯ್ರೆ?" ಅಂತ ಕೇಳಿದರು. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ಕಿವಿಗೊಟ್ಟು ನಿಂತಿದ್ದರು. 2,600 ಅಂತ ಬಾಯಲ್ಲಿ ಬರಲಿಲ್ಲ. "ಸ್ವಲ್ಪ ಜಾಸ್ತಿ" ಅಂದು ಹೊರಗೆ ಬಂದೆ.

ಎಬಿಇಸಿ 9 ಅನ್ನುವುದರ ಬಗ್ಗೆಯೂ ಒಂದು ಮಾತು. ಅದು ಅಮೆರಿಕದ ಬೇರಿಂಗ್ ತಯಾರಕರ ಸಂಘದ ದರ್ಜೆ. 1, 3, 5, 7, 9 ಅಂತ ಇದೆ. ಅಳತೆ ಎಷ್ಟು ಕರಾರುವಾಕ್ಕು, ತಿರುಗುವಾಗ ಎಷ್ಟು ನೆಟ್ಟಗೆ ಓಡುತ್ತೆ ಅನ್ನುವುದಷ್ಟೇ ಅದರಲ್ಲಿ ಬರುತ್ತೆ. ಗುಂಡು ಯಾವುದರದ್ದು, ಉಕ್ಕು ತುಕ್ಕು ಹಿಡಿಯುತ್ತೋ ಇಲ್ಲವೋ, ಎಣ್ಣೆ ಯಾವುದು, ಇದ್ಯಾವುದೂ ಅದರಲ್ಲಿ ಇಲ್ಲ. ಲೇಸರ್ ಇದ್ದವನು ಮುಚ್ಚಳದ ಮೇಲೆ ಯಾವ ನಂಬರ್ ಬೇಕಾದರೂ ಕೆತ್ತಬಹುದು. ನನಗೆ ಬಂದದ್ದರ ಮೇಲೂ 9 ಅಂತ ಕೆತ್ತಿತ್ತು.

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳಲ್ಲಿ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತಗೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ ಅಂತ ಇದೆ. ಇದನ್ನೂ ಅವನಿಗೆ ಬರೆದೆ. "ನಾವು ಕಂಪನಿ ಅಲ್ಲ ಸರ್, ಹವ್ಯಾಸಕ್ಕೆ ಮಾಡ್ತಿದೀವಿ" ಅಂದು ಬ್ಲಾಕ್ ಮಾಡಿದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಮೆಸೇಜ್, ವಿಡಿಯೋ, ಯುಪಿಐ ರಸೀದಿ ಎಲ್ಲ ಇಟ್ಟುಕೊಂಡಿದ್ದೇನೆ. ಬಿಡುವುದಿಲ್ಲ.

ನೀವು ಬೇರಿಂಗ್ ತಗೊಳ್ಳುವುದೇ ಆದರೆ ತೆರೆದದ್ದೇ ಕೇಳಿ, ಗುಂಡು ಕಣ್ಣಿಗೆ ಕಾಣಬೇಕು. ಮುಚ್ಚಳ ಇರುವುದೇ ಬೇಕು ಅಂದರೆ, ಬಿಚ್ಚಿ ನೋಡಿದ ಮೇಲೂ ವಾಪಸ್ ತಗೊಳ್ತೀರಾ ಅಂತ ಹಣ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಅಲ್ಲಿ ತಡವರಿಸಿದರೆ ಅಲ್ಲೇ ಬಿಡಿ. ಎಲ್ಲ ರೀಲಿಗೂ ಆಗುತ್ತೆ ಅನ್ನುವವನನ್ನೂ ಬಿಡಿ, ನಿಮ್ಮ ರೀಲಿನ ಎರಡೂ ಬದಿ ಅಳೆದೇ ಹೇಳಿ. ಖಾಲಿ ಸ್ಪೂಲ್ ತಿರುಗುವ ವಿಡಿಯೋಗೆ ಬೆಲೆ ಕೊಡಬೇಡಿ. ದಾರ ತುಂಬಿ, ಎಣ್ಣೆ ಹಾಕಿ, ಎಸೆದು ತೋರಿಸಲಿ. ಹಳೇ ಬೇರಿಂಗ್ ಬಿಸಾಡಬೇಡಿ. ನಾನು ಇಟ್ಟುಕೊಂಡಿದ್ದೆ, ಅದನ್ನೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಒಂದೊಂದು ಹನಿ ತೆಳು ರೀಲ್ ಆಯಿಲ್ ಹಾಕಿ ವಾಪಸ್ ಕೂರಿಸಿದೆ. ಈಗ ಆ 2,600ರ ಬೇರಿಂಗ್‌ಗಿಂತ ದೂರ ಹೋಗುತ್ತಿದೆ.

ಈಗಾಗಲೇ ಇಂಥ ಮುಚ್ಚಿದ ಸೆರಾಮಿಕ್ ತಗೊಂಡವರು ಇದ್ದರೆ, ಎರಡರಲ್ಲಿ ಒಂದನ್ನು ಇವತ್ತೇ ಬಿಚ್ಚಿ ನೋಡಿ. ಕವರ್ ಹರಿಯುವುದರಿಂದ ಶುರುಮಾಡಿ ಮ್ಯಾಗ್ನೆಟ್ ಇಡುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ. ಇಲ್ಲದಿದ್ದರೆ ನೀವೇ ಗುಂಡು ಬದಲಾಯಿಸಿದ್ದೀರಿ ಅಂತ ನಿಮಗೂ ಹೇಳುತ್ತಾರೆ.