ಶಿರಸಿ ಪೇಟೆಯಲ್ಲಿ ಕೊಂಡ ಜ್ವಾಲಾಮುಖಿ ಕಿಟ್: ಐದಕ್ಕೆ ಮೂರು ಅಂಕ

ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಕಳೆದ ಜುಲೈನಲ್ಲಿ ಶಿರಸಿಯ ಒಂದು ಪುಸ್ತಕದಂಗಡಿಯಿಂದ ‘ನೀವೇ ಮಾಡಿ ನೋಡಿ’ ಮಾದರಿಯ ಜ್ವಾಲಾಮುಖಿ ಕಿಟ್ ಒಂದನ್ನು 480 ರೂಪಾಯಿ ಕೊಟ್ಟು ತಂದಿದ್ದೆ. ಪೆಟ್ಟಿಗೆಯಲ್ಲಿ ಶಂಕುವಿನಾಕಾರದ ಒಂದು ಪ್ಲಾಸ್ಟಿಕ್ ಅಚ್ಚು, ಪ್ಲಾಸ್ಟರ್ ಪುಡಿಯ ಎರಡು ಪೊಟ್ಟಣ, ಅಡುಗೆ ಸೋಡಾ, ಸಿಟ್ರಿಕ್ ಆಮ್ಲ, ಕೆಂಪು ಬಣ್ಣ, ಒಂದು ಕುಂಚ ಮತ್ತು ಹನ್ನೆರಡು ಪುಟದ ಕೈಪಿಡಿ ಇದ್ದವು. ಕೈಪಿಡಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡದಲ್ಲಿಲ್ಲ.

ಪ್ಲಾಸ್ಟರ್ ಅರ್ಧ ಗಂಟೆಯಲ್ಲಿ ಒಣಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಬರೆದವರು ಮಲೆನಾಡಿನ ಮಳೆಗಾಲವನ್ನು ಕಂಡವರಲ್ಲ. ಗಟ್ಟಿಯೇನೋ ಆಯಿತು, ಆದರೆ ಬಣ್ಣ ಹಿಡಿಯುವಷ್ಟು ಒಣಗಲು ಬಚ್ಚಲೊಲೆಯ ಪಕ್ಕದಲ್ಲಿ ಎರಡು ದಿನ ಇಡಬೇಕಾಯಿತು. ಸಿಟ್ರಿಕ್ ಆಮ್ಲದ ಪೊಟ್ಟಣ ತೇವ ಹೀರಿ ಕಲ್ಲಾಗಿತ್ತು. ಕೊನೆಗೆ ಮನೆಯಲ್ಲಿದ್ದ ಮುರುಗಲಿನ ರಸವನ್ನೇ ಸುರಿದೆವು. ಹುಳಿ ಸಾಕಷ್ಟಿದ್ದುದರಿಂದ ನೊರೆ ಚೆನ್ನಾಗಿಯೇ ಉಕ್ಕಿತು. ಆದರೆ ಸೋಡಾ ಸೇರಿದೊಡನೆ ರಸದ ಕೆಂಪು ಹೋಗಿ ಕಪ್ಪು ತಿರುಗಿದ್ದರಿಂದ ಲಾವಾ ಹುಟ್ಟುವಾಗಲೇ ಆರಿಹೋದಂತೆ ಕಂಡಿತು. ಮಗಳಿಗೆ ಮಾತ್ರ ಅದೇ ಹೆಚ್ಚು ಇಷ್ಟವಾಯಿತು.

ಆಟಿಕೆಯಾಗಿ ಇದು ಸೋಲುವುದಿಲ್ಲ. ಅಚ್ಚು ಗಟ್ಟಿಮುಟ್ಟಾಗಿದೆ, ಬಣ್ಣ ಮಕ್ಕಳ ಕೈಗೆ ಅಪಾಯವಿಲ್ಲದ್ದು ಎಂದು ನಮೂದಿಸಿದ್ದಾರೆ, ಸೋಡಾ ಮುಗಿದ ಮೇಲೂ ಅಂಗಡಿಯಿಂದ ತಂದು ಎಷ್ಟು ಸಲ ಬೇಕಾದರೂ ಉಕ್ಕಿಸಬಹುದು. ಆದರೆ ‘ಜ್ವಾಲಾಮುಖಿಗಳು ಹೇಗೆ ಹುಟ್ಟುತ್ತವೆಂದು ಕಲಿಯಿರಿ’ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚುಹಾಕಿರುವುದರಿಂದ, ಅದನ್ನು ಆ ಮಾತಿಗೆ ತಕ್ಕಂತೆಯೇ ಅಳೆಯಬೇಕಾಗುತ್ತದೆ.

ಕೈಪಿಡಿಯ ಮೊದಲ ಪುಟದಲ್ಲಿಯೇ ಎಡವಟ್ಟಿದೆ. ಹಿಮದ ಟೋಪಿ ತೊಟ್ಟ ಕಡಿದಾದ ಶಂಕುವಿನ ಚಿತ್ರ ಹಾಕಿ ಕೆಳಗೆ ಹವಾಯಿಯ ಜ್ವಾಲಾಮುಖಿ ಎಂದು ಬರೆದಿದ್ದಾರೆ. ಹವಾಯಿಯ ಮೌನಾ ಲೋವಾ 4,169 ಮೀಟರ್ ಎತ್ತರವಿದ್ದರೂ ದೂರದಿಂದ ನೋಡಿದರೆ ಬೆಟ್ಟವೆಂದೇ ಅನ್ನಿಸದಷ್ಟು ಇಳಿಜಾರು ಕಡಿಮೆಯಿರುವ, ಬೋರಲು ಹಾಕಿದ ಗುರಾಣಿಯಂಥ ಬೆಟ್ಟ. ಎರಡನೆಯ ಪುಟದ ತಪ್ಪು ಇನ್ನೂ ದೊಡ್ಡದು: ನೆಲದಡಿಯಲ್ಲೆಲ್ಲ ಕರಗಿದ ಬಂಡೆಯ ಕಡಲಿದೆ, ಅದು ಬಿರುಕು ಸಿಕ್ಕಲ್ಲಿ ಚಿಮ್ಮುತ್ತದೆ ಎಂದು ಅಲ್ಲಿ ಹೇಳಲಾಗಿದೆ. ಭೂಮಿಯ ತೊಗಟೆಯ ಕೆಳಗಿರುವ ಮ್ಯಾಂಟಲ್ ಬಹುಮಟ್ಟಿಗೆ ಘನವಾದ ಬಂಡೆಯೇ. ಅದು ಕೆಂಪಗೆ ಕಾದಿದ್ದರೂ ಕರಗದಿರುವುದು ಮೇಲಿನ ಭಾರದ ಒತ್ತಡದಿಂದ. ಕುಕ್ಕರಿನೊಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಂಡಿರುವಂತೆಯೇ ಇದು. ಆ ಬಿಸಿಬಂಡೆ ನಿಧಾನವಾಗಿ ಮೇಲೇರಿ ಒತ್ತಡ ಇಳಿದಾಗ ಅದರ ಒಂದು ಅಂಶ ಕರಗುತ್ತದೆ. ಸಾಗರತಳದ ನಡುವೆ ಬೆಟ್ಟಸಾಲಿನಂತೆ ಎದ್ದಿರುವ ಏಣುಗಳಲ್ಲಿಯೂ, ಆಳದಿಂದ ಬಿಸಿಬಂಡೆ ಮೇಲೇರುವ ಹವಾಯಿಯಂಥ ಬಿಸಿತಾಣಗಳಲ್ಲಿಯೂ ನಡೆಯುವುದು ಇದೇ.

ಬಂಡೆ ಕರಗುವ ಇನ್ನೊಂದು ದಾರಿಯನ್ನು ಕೈಪಿಡಿ ಪ್ರಸ್ತಾಪಿಸುವುದೇ ಇಲ್ಲ. ಒಣ ಬೆಲ್ಲದ ಅಚ್ಚನ್ನು ಬಾಣಲೆಗೆ ಹಾಕಿ ಉರಿ ಕೊಟ್ಟರೆ ಕರಗುವುದಕ್ಕಿಂತ ಮೊದಲು ತಳ ಹಿಡಿಯುತ್ತದೆ, ಒಂದು ಸೌಟು ನೀರು ಬಿಟ್ಟರೆ ಕಡಿಮೆ ಉರಿಯಲ್ಲೇ ಪಾಕವಾಗುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ಬಂಡೆಯ ವಿಷಯದಲ್ಲಿ ನೀರಿನ ಪಾತ್ರವನ್ನು ತಿಳಿಯಲು ಸಾಕು. ಸಾಗರದಡಿಯ ಭೂಫಲಕವೊಂದು (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಮತ್ತೊಂದರ ಅಡಿಗೆ ತೂರಿಕೊಂಡು ಇಳಿಯುವಾಗ ತನ್ನ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರನ್ನು ಬಿಡುತ್ತದೆ. ಆ ನೀರು ಮೇಲಿನ ಮ್ಯಾಂಟಲಿನ ಕರಗುವ ಬಿಂದುವನ್ನು ತಗ್ಗಿಸುತ್ತದೆ. ಜಪಾನ್, ಇಂಡೊನೇಷ್ಯಾಗಳ ಜ್ವಾಲಾಮುಖಿ ಸಾಲುಗಳು ಹೀಗೆ ಹುಟ್ಟಿದವು. ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರದಲ್ಲಿರುವ, ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪದ್ದೂ ಇದೇ ಕತೆ. ಬಹುಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಸಿಡಿಯಿತು. ಭಾರತದಲ್ಲಿ ಮಾರುವ ಕಿಟ್ಟಿನಲ್ಲಿ ಅದರ ಹೆಸರೂ ಇಲ್ಲದಿರುವುದು ನನಗೆ ಸರಿಕಾಣಲಿಲ್ಲ.

ಕಿಟ್ಟಿನ ನಿಜವಾದ ಕೊರತೆ ಆ ಒಂದೇ ಅಚ್ಚು. ಬೆಟ್ಟದ ಆಕಾರವನ್ನು ಅಚ್ಚು ಮೊದಲೇ ತೀರ್ಮಾನಿಸಿಬಿಡುವುದರಿಂದ, ಆ ಆಕಾರ ಯಾಕೆ ಬಂತು ಎಂಬ ಪ್ರಶ್ನೆಯೇ ಮಗುವಿನ ತಲೆಯಲ್ಲಿ ಏಳುವುದಿಲ್ಲ. ಕನ್ನಡದಲ್ಲಿ ಕರಗಿದ ಬಂಡೆಗೆ ‘ಶಿಲಾಪಾಕ’ ಎನ್ನುತ್ತಾರೆ. ಎಲ್ಲ ಉತ್ತರವೂ ಆ ಪಾಕದ ಹದದಲ್ಲಿದೆ ಎಂದು ಹೇಳಿಕೊಡಲು ನಾನು ಕಿಟ್ಟನ್ನು ಬದಿಗಿಟ್ಟು ಜೋನಿಬೆಲ್ಲದ ಡಬ್ಬ ತೆಗೆದೆ. ಬೆಚ್ಚಗೆ ಮಾಡಿದ ಜೋನಿಯನ್ನು ಹರಿವಾಣದ ನಡುವೆ ಸುರಿದರೆ ಅಂಚಿನವರೆಗೂ ತೆಳ್ಳಗೆ ಹರಡುತ್ತದೆ. ಅದನ್ನೇ ಕಾಯಿಸಿ ಉಂಡೆಪಾಕಕ್ಕೆ ತಂದು ಸುರಿದರೆ ಬಿದ್ದಲ್ಲೇ ಗುಪ್ಪೆಯಾಗಿ ನಿಲ್ಲುತ್ತದೆ. ಶಿಲಾಪಾಕವನ್ನು ಮಂದವಾಗಿಸುವುದು ಮರಳಿನ ಮುಖ್ಯ ಅಂಶವಾದ ಸಿಲಿಕಾ. ಅದು ಸುಮಾರು ಶೇಕಡಾ 50ರಷ್ಟಿರುವ, 1,100ರಿಂದ 1,200 ಡಿಗ್ರಿ ಬಿಸಿಯ ಬಸಾಲ್ಟ್ ಲಾವಾ ಮೊದಲನೆಯದರ ಹಾಗೆ ಮೈಲಿಗಟ್ಟಲೆ ಹರಿದು, ಪದರದ ಮೇಲೆ ಪದರ ಬಿದ್ದು ಗುರಾಣಿ ಜ್ವಾಲಾಮುಖಿಯಾಗುತ್ತದೆ. ಸಿಲಿಕಾ ಶೇಕಡಾ 70 ದಾಟಿದ ರಯೊಲೈಟ್ ಎಂಬ ಲಾವಾ ಮುಂದೆ ಹೋಗಲಾರದೆ ಬಾಯಲ್ಲೇ ಗುಮ್ಮಟ ಕಟ್ಟುತ್ತದೆ.

ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವರು ಇನ್ನೊಂದನ್ನೂ ಬಲ್ಲರು. ಕಬ್ಬಿನ ಹಾಲು ತೆಳ್ಳಗಿರುವಾಗ ಗುಳ್ಳೆಗಳು ಸದ್ದಿಲ್ಲದೆ ಒಡೆಯುತ್ತವೆ. ಪಾಕ ಬಂದಂತೆ ಅವೇ ಗುಳ್ಳೆಗಳು ಉಬ್ಬಿ, ತಡೆದು, ಸಿಡಿದು ಕೈ ಸುಡುತ್ತವೆ. ಶಿಲಾಪಾಕದಲ್ಲಿ ಕರಗಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಮಂದ ಪಾಕದಿಂದ ಸುಲಭವಾಗಿ ಬಿಡಿಸಿಕೊಳ್ಳಲಾರದೆ ಬಂಡೆಯನ್ನೇ ಬೂದಿಯಾಗಿ ಚೂರುಮಾಡಿ ಸ್ಫೋಟಿಸುತ್ತವೆ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟ ಹೀಗೆಯೇ ಸಿಡಿದು ತನ್ನ ನೆತ್ತಿಯ ಸುಮಾರು 400 ಮೀಟರ್ ಕಳೆದುಕೊಂಡಿತು. ಒಮ್ಮೆ ಬೂದಿ, ಒಮ್ಮೆ ಲಾವಾ ಬಿದ್ದು ಬೆಳೆಯುವ ಇಂಥ ಸ್ತರ ಜ್ವಾಲಾಮುಖಿಯೇ ಕಿಟ್ಟಿನ ಅಚ್ಚಿನಲ್ಲಿರುವ ಶಂಕು. ಆದರೆ ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಮಕ್ಕಳಿಗೆ ಹೇಳಬಾರದು: ಫ್ಯೂಜಿ ಬೆಟ್ಟದ ಲಾವಾ ಬಹುಪಾಲು ಬಸಾಲ್ಟೇ ಆಗಿದ್ದರೂ ಅದು ಶಂಕುವಾಗಿ ನಿಂತಿದೆ.

ಉಳಿದ ಬಗೆಗಳನ್ನು ಕೈಪಿಡಿ ಒಂದು ಸಾಲಿನಲ್ಲಿ ಮುಗಿಸಿದೆ. ಮೆಕ್ಸಿಕೊದಲ್ಲಿ 1943ರ ಫೆಬ್ರವರಿ 20ರಂದು ರೈತನ ಮೆಕ್ಕೆಜೋಳದ ಹೊಲದಲ್ಲೇ ಬಾಯ್ತೆರೆದು, 1952ರಲ್ಲಿ ತಣ್ಣಗಾಗುವ ಹೊತ್ತಿಗೆ 424 ಮೀಟರ್ ಬೆಳೆದಿದ್ದ ಪಾರಿಕುಟಿನ್ ಎಂಬ, ಲಾವಾದ ಚೂರುಗಳೇ ರಾಶಿಬಿದ್ದ ಗುಡ್ಡದ ಕತೆಯನ್ನು ಯಾವ ಮಗು ತಾನೇ ಬೇಡವೆನ್ನುತ್ತದೆ? ಶಂಕುವೇ ಇಲ್ಲದ ಬಿರುಕು ಜ್ವಾಲಾಮುಖಿಯ ಮಾತಂತೂ ಇಲ್ಲವೇ ಇಲ್ಲ. ಬೆಳಗಾವಿ, ವಿಜಯಪುರಗಳ ಕಡೆಗಿರುವ ದಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದು ಮಡುಗಟ್ಟಿದ ಲಾವಾ. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಹೊದ್ದುಕೊಂಡಿದೆ.

ಹಾಗಾದರೆ ಯಾಣವೂ ಜ್ವಾಲಾಮುಖಿಯೇ ಎಂದು ಮಗಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ, ಆ ಕಪ್ಪು ಶಿಖರಗಳು, ಭಸ್ಮಾಸುರ ಉರಿದ ಬೂದಿಯೆಂದು ಹೇಳುವ ಅಲ್ಲಿಯ ಕಪ್ಪು ಮಣ್ಣು, ಎಲ್ಲವೂ ಬೆಂಕಿಯ ಗುರುತಿನಂತೆಯೇ ಕಾಣುತ್ತವೆ. ಆದರೆ ಯಾಣದ ಬಂಡೆ ಸುಣ್ಣದ ಕಲ್ಲು, ಅದನ್ನು ಕೊರೆದು ನಿಲ್ಲಿಸಿದ್ದು ನೀರು. ಇದನ್ನು ಕಿಟ್ಟಿನಿಂದ ನಿರೀಕ್ಷಿಸುವುದು ನ್ಯಾಯವಲ್ಲವೆಂದು ಬಲ್ಲೆ, ಹಾಗಾಗಿ ಇದಕ್ಕೆ ಅಂಕ ಕಳೆದಿಲ್ಲ.

ಐದಕ್ಕೆ ಮೂರು ಕೊಟ್ಟಿರುವುದು ಅಚ್ಚಿಗೆ, ಪ್ಲಾಸ್ಟರಿಗೆ ಮತ್ತು ಮಗಳ ಎರಡು ಭಾನುವಾರಗಳಿಗೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಧಾರಾಳವಾಗಿ ಕೊಳ್ಳಬಹುದು. ಪ್ರೌಢಶಾಲೆಯ ಪ್ರದರ್ಶನಕ್ಕಾದರೆ ಕೈಪಿಡಿಯನ್ನು ನಂಬದೆ ವಿವರಣೆಯನ್ನು ನೀವೇ ಬರೆಯಿರಿ, ತಗ್ಗು ಇಳಿಜಾರಿನ ಗುರಾಣಿಯನ್ನು ಊಟದ ಬಟ್ಟಲು ಬೋರಲು ಹಾಕಿ ಉಳಿದ ಪ್ಲಾಸ್ಟರಿನಲ್ಲಿ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಕೊಂಡರೆ ಒಳ್ಳೆಯದು. ಮತ್ತೆ, ಜಗಲಿಯ ಮೇಲೆ ಮಾತ್ರ ಉಕ್ಕಿಸಬೇಡಿ, ಅಂಗಳಕ್ಕೆ ಒಯ್ಯಿರಿ. ಕೈಗೆ ಅಪಾಯವಿಲ್ಲದ ಆ ಕೆಂಪು ಬಣ್ಣ ಸಿಮೆಂಟಿನ ಮೇಲಿಂದ ಇನ್ನೂ ಹೋಗಿಲ್ಲ.