10 ಮಳೆಗಾಲ ಕಂಡ 18-55: ಒಂದು ಕಿಟ್ ಲೆನ್ಸಿನ ವಿಮರ್ಶೆ

ನನ್ನ ಲೆನ್ಸಿನ ಜೂಮ್ ರಿಂಗಿನ ರಬ್ಬರ್ ಹಿಗ್ಗಿ ಕೈಗೆ ಬಂದು ಒಂದು ವರ್ಷ ಆಯಿತು. ಸ್ಕೂಟರಿನ ಹಳೆ ಟ್ಯೂಬನ್ನು ಪಟ್ಟಿಯಂತೆ ಕತ್ತರಿಸಿ ಸಿಕ್ಕಿಸಿದ್ದೇನೆ. ಹಿಡಿತ ಮೊದಲಿಗಿಂತ ಚೆನ್ನಾಗಿದೆ.

2015ರಲ್ಲಿ ಕ್ಯಾಮೆರಾ ತೆಗೆದುಕೊಂಡಾಗ ಡಬ್ಬದಲ್ಲೇ ಬಂದ 18-55 ಎಂಎಂ ಲೆನ್ಸ್ ಇದು. 18ರಲ್ಲಿ ಅಗಲದ ನೋಟ, 55ರಲ್ಲಿ ಹತ್ತಿರ ಎಳೆದ ನೋಟ. ಕ್ಯಾನನ್, ನಿಕಾನ್, ಪೆಂಟಾಕ್ಸ್ ಎಲ್ಲರೂ ಈ ಅಳತೆಯ ಲೆನ್ಸ್ ಕೊಟ್ಟವರೇ. ನನ್ನದು ಯಾವ ಕಂಪೆನಿಯದ್ದು ಅಂತ ಹೇಳುವುದಿಲ್ಲ. ನಾನು ಹೇಳುವ ಗುಣ, ದೋಷ ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತದೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವ. ಸ್ವಲ್ಪ ಅಡಿಕೆ ತೋಟ, ಒಂದು ಸಣ್ಣ ಕೆಲಸ, ರಜೆ ಸಿಕ್ಕಿದರೆ ಫೋಟೋ.

ಮೊದಲ ಎರಡು ವರ್ಷ ಇದಕ್ಕೆ ಬೈದದ್ದೇ ಜಾಸ್ತಿ. ಜೂಮ್ ಲೆನ್ಸ್ ಅಂದರೆ ದೂರದ್ದೆಲ್ಲ ಹತ್ತಿರ ಬರುತ್ತದೆ ಅಂದುಕೊಂಡಿದ್ದೆ. ಅನಂತಪುರದ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ಒಂದು ದಿನ ನೀರಿನಿಂದ ತಲೆ ಎತ್ತಿತ್ತು. 55ಕ್ಕೆ ತಿರುಗಿಸಿ ತೆಗೆದೆ. ಮನೆಗೆ ಬಂದು ನೋಡಿದರೆ ಕೆರೆಯಲ್ಲಿ ತೇಲುವ ತೆಂಗಿನ ಮಡಲಿನ ತುಂಡು! 18ರಿಂದ 55 ಅಂದರೆ ಬರೀ ಮೂರು ಪಟ್ಟು, ಅಷ್ಟೇ. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ನೆಂಟರು ಈಗಲೂ ನನ್ನ ಹತ್ತಿರ ಕೇಳುವುದು ಆ ಮಡಲಿನ ತುಂಡಿನ ಫೋಟೋವನ್ನೇ.

ದೂರದ ಆಸೆ ಬಿಟ್ಟ ಮೇಲೆ ಈ ಲೆನ್ಸ್ ನನಗೆ ಒಗ್ಗಿತು. ಮೂರು ನಾಲ್ಕು ಹೆಜ್ಜೆ ದೂರದ ಜಗತ್ತು ಇದರದ್ದು. ನಮ್ಮ ಕಡೆಯ ಸುರಂಗ ಗೊತ್ತಲ್ಲ, ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದದ್ದು? ಒಬ್ಬ ನಡೆದು ಹೋಗುವಷ್ಟೇ ಅಗಲ. ಹಿಂದೆ ಸರಿಯಲು ಜಾಗವೇ ಇಲ್ಲ. 18ರಲ್ಲಿ ಎರಡೂ ಗೋಡೆ, ಕಾಲಡಿಯ ನೀರು, ಮುಂದೆ ಟಾರ್ಚ್ ಹಿಡಿದ ಅಜ್ಜ, ಎಲ್ಲ ಒಟ್ಟಿಗೆ ಸಿಕ್ಕಿತು. ಕೈನಡುಕ ತಡೆಯುವ ಸ್ಟೆಬಿಲೈಸರ್ ಇರುವುದರಿಂದ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ಕೈಯಲ್ಲೇ ಹಿಡಿದು ತೆಗೆದೆ. "ಸಾವಕಾಶ ಬನ್ನಿ, ತಲೆ ತಾಗೀತು" ಅಂತ ಅಜ್ಜ ಎರಡು ಸಲ ಹೇಳಿದರು. ಮೂರನೇ ಸಲ ತಾಗಿತು. ತಣ್ಣಗಿನ ಸುರಂಗದಿಂದ ಹೊರಗೆ ಬಂದೊಡನೆ ಗಾಜಿಗೆ ಮಂಜು ಕಟ್ಟಿತು. ಅದನ್ನು ಅಂಗಿಯ ತುದಿಯಿಂದ ಒರೆಸಲು ಹೋಗಬೇಡಿ. ಹತ್ತು ನಿಮಿಷ ಬಿಟ್ಟರೆ ತಾನಾಗಿ ಹೋಗುತ್ತದೆ.

ಇದಕ್ಕೆ ಇನ್ನೊಂದು ಒಳ್ಳೆಯ ಜಾಗ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಹರಕೆ ಆಟಕ್ಕೆ ಬರಗಾಲ ಇಲ್ಲ. ವೇಷಧಾರಿಗಳು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕುತ್ತಿರುತ್ತಾರೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ (ಉಬ್ಬು ಚುಕ್ಕಿ) ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಬಲ್ಬಿನ ಬೆಳಕಿದೆ, ಯಾರೂ ಓಡಾಡುವುದಿಲ್ಲ. ಕೇಳಿಕೊಂಡು ಒಳಗೆ ಹೋಗಿ ಒಂದು ಮೂಲೆಯಲ್ಲಿ ಕೂತರೆ 35ರ ಆಸುಪಾಸಿನಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ನನ್ನ ಗೋಡೆಯ ಮೇಲಿರುವ ನಾಲ್ಕು ಫೋಟೋಗಳಲ್ಲಿ ಮೂರು ಚೌಕಿಯವು.

ಅದೇ ವೇಷ ರಂಗಸ್ಥಳಕ್ಕೆ ಹೋದ ಮೇಲೆ ಲೆನ್ಸ್ ಸೋತಿತು. 18ರಲ್ಲಿ ಎಫ್/3.5 ಇರುವ ಬೆಳಕಿನ ಕಿಂಡಿ 55ಕ್ಕೆ ಹೋಗುವಾಗ ಎಫ್/5.6 ಆಗುತ್ತದೆ (ಈ ಸಂಖ್ಯೆ ಏರಿದಷ್ಟು ಕಿಂಡಿ ಸಣ್ಣ). ಬೆಳಕು ಅರ್ಧಕ್ಕಿಂತಲೂ ಕಮ್ಮಿ. ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು, 6400ಕ್ಕೆ ಏರಿಸಿದರೆ ಫೋಟೋದ ಮೇಲೆ ರವೆ ಚೆಲ್ಲಿದ ಹಾಗೆ. ಸ್ಟೆಬಿಲೈಸರ್ ನನ್ನ ಕೈನಡುಕ ನಿಲ್ಲಿಸುತ್ತದೆ, ಹಾರಿ ಸುತ್ತುತ್ತಾ ದಿಗಿಣ ಹೊಡೆಯುವವರ ಕಾಲನ್ನು ನಿಲ್ಲಿಸುವುದಿಲ್ಲ ಅಲ್ವಾ? ರಾತ್ರಿಯ ದೈವಗಳ ಕೋಲಕ್ಕೂ, ತೆಯ್ಯಕ್ಕೂ ಇದೇ ಪಾಡು. ಕೊನೆಗೆ ಒಂದು 50 ಎಂಎಂ ಎಫ್/1.8 ತೆಗೆದುಕೊಂಡೆ. ಅದು ಎಫ್/5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಈಗ ರಾತ್ರಿಗೆ ಅದು, ಹಗಲಿಗೆ ಇದು.

ಬೇಕಲ ಕೋಟೆಯಲ್ಲಿ ಬೇರೆಯೇ ತಮಾಷೆ. ಶಿವಪ್ಪ ನಾಯಕ ನೆಟ್ಟಗೆ ಕಟ್ಟಿಸಿದ ಗೋಡೆಗೆ ನನ್ನ ಫೋಟೋದಲ್ಲಿ ಹೊಟ್ಟೆ ಬಂದಿತ್ತು. 18ರಲ್ಲಿ ಈ ಲೆನ್ಸುಗಳು ಗೆರೆಗಳನ್ನು ಹೊರಕ್ಕೆ ಬಗ್ಗಿಸುತ್ತವೆ. ಹಿಂದೆ ಸರಿದು 24, 28ರಲ್ಲಿ ತೆಗೆದರೆ ಗೋಡೆ ಸುಮಾರಾಗಿ ನೇರವಾಗುತ್ತದೆ. ಬಿಸಿಲಿದ್ದರೆ ಎಫ್/8ಕ್ಕೆ ಇಡಿ. ಅಲ್ಲಿ ಇದು ದುಬಾರಿ ಲೆನ್ಸುಗಳ ಜೊತೆ ಧೈರ್ಯವಾಗಿ ನಿಲ್ಲುತ್ತದೆ. ನನ್ನ ಹಳೆಯ ಮಾದರಿಯಲ್ಲಿ ಫೋಕಸ್ ಆಗುವಾಗ ಮುಂಭಾಗವೇ ತಿರುಗುತ್ತದೆ. ಹಾಗಾಗಿ ಹೊಳಪು ಕಮ್ಮಿ ಮಾಡಲು ತಿರುಗಿಸಿ ಹೊಂದಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ತಲೆಬೇನೆ.

ಹತ್ತಿರದಿಂದ ತೆಗೆಯಲು ಮಾತ್ರ ಇದು ಚಿನ್ನ. ಸುಮಾರು 25 ಸೆಂ.ಮೀ. ತನಕ ಹತ್ತಿರ ಹೋಗಬಹುದು, ಅಂದರೆ ಒಂದು ಗೇಣಿನ ಲೆಕ್ಕ. ಅದೂ ಕ್ಯಾಮೆರಾದೊಳಗಿನ ಸೆನ್ಸರಿನಿಂದ ಅಳೆದದ್ದು. ಒಳ್ಳೆಮೆಣಸಿನ (ಕಾಳುಮೆಣಸಿನ) ಗೊಂಚಲು, ಹಾಳೆಯ ಟೋಪಿ ಮುಟ್ಟಾಳೆಯ ಹೊಲಿಗೆ, ಅಂಗಳದಲ್ಲಿ ಅಡಿಕೆ ಹರಡುವ ಬೆರಳು. ನೆರೆಮನೆಯ ದೊಡ್ಡಮ್ಮ ಒಮ್ಮೆ ಕೇಳಿಯೇಬಿಟ್ಟರು: "ಎಂತ ಮಗಾ, ಇಷ್ಟು ಹತ್ತಿರ ಬರುವುದು, ಫೋಟೋ ತೆಗೀಲಿಕ್ಕಾ, ಕೈ ನೋಡಿ ಭವಿಷ್ಯ ಹೇಳ್ಲಿಕ್ಕಾ?"

ತೋಟದಲ್ಲಿ ಒಂದು ಅನಾಹುತವೂ ಆಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಫೋಟೋ ಬೇಕೆಂದು ಮರದ ಬುಡದಲ್ಲಿ ನಿಂತಿದ್ದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗಾಳಿ ತಿರುಗಿ ಮದ್ದೆಲ್ಲ ನನ್ನ ಮೇಲೆಯೇ. ಲೆನ್ಸಿನ ಮುಂದೆ ಸುಮ್ನೆ ಹಾಕಿಟ್ಟಿದ್ದ ಯುವಿ ಫಿಲ್ಟರಿನ ಗಾಜು ನೀಲಿಯಾಯಿತು, ಲೆನ್ಸಿನ ಗಾಜು ಉಳಿಯಿತು. ಫಿಲ್ಟರ್ ದಂಡ ಅಂತ ಹೇಳುವವರು ಒಂದು ಸಲ ನಮ್ಮ ತೋಟಕ್ಕೆ ಬರಲಿ.

ಇನ್ನು ಬೂಷ್ಟಿನ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಇಲ್ಲಿ ಲೆನ್ಸಿಗೆ ದೊಡ್ಡ ಶತ್ರು ಇದೇ. 2018ರ ಮಳೆಗಾಲದಲ್ಲಿ ಮೂರು ತಿಂಗಳು ಚೀಲದಲ್ಲೇ ಇಟ್ಟಿದ್ದೆ. ತೆಗೆದು ನೋಡಿದರೆ ಒಳಗಿನ ಗಾಜಿನಲ್ಲಿ ಜೇಡರ ಬಲೆಯಂಥ ಎಳೆಗಳು. ಮಂಗಳೂರಿನಲ್ಲಿ ಒಬ್ಬರಿಗೆ ಕೊಟ್ಟೆ, 1,800 ರೂಪಾಯಿ ತೆಗೆದುಕೊಂಡರು. ಎಳೆ ಹೋಯಿತು, ಆದರೆ ಜೋಡಿಸುವಾಗ ಏನು ಮಾಡಿದರೋ, ಅಂದಿನಿಂದ ಎಡಮೂಲೆ ಸ್ವಲ್ಪ ಮಸುಕು. ಹೋಗಿ ಕೇಳಿದ್ದಕ್ಕೆ "ಮೊದಲೇ ಹಾಗಿತ್ತು" ಅಂದರು. ಇಂಥದ್ದೇ ಹಳೆ ಲೆನ್ಸ್ 3,500ಕ್ಕೆ ಸಿಗುತ್ತಿತ್ತು. ರಿಪೇರಿಗೆ ಅಷ್ಟು ಸುರಿದದ್ದು ನನ್ನ ದಡ್ಡತನ.

ಈಗ ರಬ್ಬರ್ ಅಂಚಿನ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮೀಟರ್ ಶೇಕಡಾ 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಜೆಲ್ಲಿನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡಿಗೆಗೆ ಬೇಡ. ಕೆಲವರು ಅಕ್ಕಿಯೊಳಗೆ ಹೂತಿಡಿ ಅಂತಾರೆ. ಮಾಡಬೇಡಿ, ಜೂಮ್ ಸಂದಿಗೆ ಅಕ್ಕಿಯ ಹುಡಿ ಹೋಗುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರಗೆ ತೆಗೆದು ಹತ್ತು ಫೋಟೋ ಹೊಡೆಯಿರಿ.

ಮೊಬೈಲ್ ಇರುವಾಗ ಇದು ಯಾಕೆ ಅಂತ ಮನೆಯವಳ ಪ್ರಶ್ನೆ. ಅಂಗಳದ ಬಿಸಿಲಿನಲ್ಲಿ ಮೊಬೈಲೇ ಚೆಂದ, ಒಪ್ಪುತ್ತೇನೆ. ಚೌಕಿಯ ಫೋಟೋವನ್ನು ಗೋಡೆಯ ಅಳತೆಗೆ ಪ್ರಿಂಟ್ ಹಾಕಿಸಿದಾಗ ಅವಳೇ ಸುಮ್ಮನಾದಳು.

ಹೊಸದಾಗಿ ಶುರು ಮಾಡುವವರು ಹಳೆಯದ್ದನ್ನೇ ತೆಗೆದುಕೊಳ್ಳಿ. ಸ್ಟೆಬಿಲೈಸರ್ ಇರುವ ಮಾದರಿಯೇ ಇರಲಿ. ಉಳಿದ ದುಡ್ಡು ಡಬ್ಬಕ್ಕೆ, 50ರ ಲೆನ್ಸಿಗೆ. ಕೊಳ್ಳುವ ಮೊದಲು ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಹಾಕಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಎಳೆ ಕಂಡರೆ ಬಿಟ್ಟುಬನ್ನಿ. ಧೂಳಿನ ಎರಡು ಚುಕ್ಕೆ ಇದ್ದರೆ ಪರವಾಗಿಲ್ಲ, ಅದು ಫೋಟೋದಲ್ಲಿ ಬರುವುದಿಲ್ಲ, ಆದರೆ ಚೌಕಾಸಿಗೆ ಬರುತ್ತದೆ.